ಓಣಿ ಮಂದಿ ಊಟ ಸುಧಾರಿಸಬೇಕಂದ್ರ ಮೊದ್ಲ ರೊಟ್ಟಿ ಬಡಿಯೋ ಕೈ ನೋಡ್ರಿ

ಪ್ರಶ್ನೆ: ನಮ್ಮದು ಗದಗ-ಬೆಟಗೇರಿ ರೀ ಮೇಡಮ್ಮಾರ. ನಮ್ಮ ಓಣಿಯೊಳಗ ಮಗ್ಗದ ಮನಿ ಜಾಸ್ತಿ. ಸ್ವಸಹಾಯ ಸಂಘದಾಗ 18 ಮಂದಿ ಹೆಣ್ಮಕ್ಕಳು ಅದೀವಿ. ಹೋದ ವರ್ಷ ಓಣಿಯೊಳಗ ಐದಾರು ಮಂದಿಗೆ ಹೊಸದಾಗಿ ಶುಗರ್ ಬಂತು, ಅದರಾಗ ಇಬ್ರು ಇನ್ನೂ 40 ದಾಟಿಲ್ಲ. ನಾನು ಮೊಬೈಲ್‌ನ್ಯಾಗ ನೋಡ್ಕೊಂಡು ಎಣ್ಣಿ ಕಡಿಮಿ ಮಾಡ್ರಿ, ತರಕಾರಿ ತಿನ್ರಿ, ಅನ್ನ ಬಿಡ್ರಿ ಅಂತ ಹೇಳ್ತೀನಿ, ಎಲ್ಲಾರೂ ಹೂಂ ಅಂತಾರ, ಆಮ್ಯಾಲ ಅದ ಮೀಟಿಂಗಿನ್ಯಾಗ ಮಿರ್ಚಿ ಭಜಿ ತರಿಸಿ ಚಾ ಕುಡೀತೀವಿ. ಈಗ ನನಗ 'ಡಾಕ್ಟರವ್ವ' ಅಂತ ಹೆಸರಿಟ್ಟಾರ, ನಾ ಬಂದ್ರ ನಕ್ಕೋತ ತಾಟು ಮುಚ್ಚತಾರ. ಮಂದಿಗೆ ಬುದ್ಧಿ ಬರೂ ಹಂಗ ಹೆಂಗ ಹೇಳಬೇಕ್ರಿ?

ಉತ್ತರ:

ಅಕ್ಕಾರ, 'ಡಾಕ್ಟರವ್ವ' ಅಂತ ಹೆಸರು ಬಿದ್ದೈತಿ ಅಂದ್ರ ಬ್ಯಾಸರ ಮಾಡ್ಕೋಬ್ಯಾಡ್ರಿ, ನಮ್ಮ ಕಡೆ ಮಂದಿ ಕಿವಿಗೇ ಹಾಕ್ಕೊಳ್ಳದವ್ರಿಗೆ ಹೆಸರು ಇಡೂದಿಲ್ಲ. ತಾಟು ಮುಚ್ಚತಾರ ಅಂದ್ರ ತಾಟಿನ್ಯಾಗ ಏನೈತಿ ಅಂತ ಅವ್ರಿಗೂ ಗೊತ್ತೈತಿ. ಅಂದಮ್ಯಾಲ ಬುದ್ಧಿ ಕಡಿಮಿ ಇಲ್ಲ, ಬುದ್ಧಿ ಹೇಳಿ ಉಪಯೋಗನೂ ಇಲ್ಲ. ಕೊರತಿ ಬ್ಯಾರೆ ಕಡೆ ಐತಿ, ಅದನ್ನ ನನಗ ಒಬ್ಬಾಕಿ ಮುದುಕಿ ಕಲಿಸಿದ್ಲು, ಅದರ ಕಥಿ ಹೇಳ್ತೀನಿ.

2014ರಾಗ ಇರಬೇಕು, ಕುಂದಗೋಳ ತಾಲೂಕಿನ ಒಂದು ಹಳ್ಳಿಗೆ ಆಹಾರದ ಬಗ್ಗೆ ಭಾಷಣ ಮಾಡಾಕ ಹೋಗಿದ್ದೆ. ಕೈಯಾಗ ಒಂದು ದೊಡ್ಡ ಬಣ್ಣದ ಚಾರ್ಟು, ಅದರಾಗ ಸೇಬು, ದ್ರಾಕ್ಷಿ, ಬ್ರೆಡ್ಡು, ತತ್ತಿ, ಒಂದು ಗ್ಲಾಸ್ ಹಾಲು. ಸಾಲಿ ವರಾಂಡಾದಾಗ ಮೂವತ್ತು ಮಂದಿ ಹೆಣ್ಮಕ್ಕಳು ಕುಂತಿದ್ರು, ನಾ ಅರ್ಧ ತಾಸು ಮಾತಾಡಿದೆ, ಪ್ರೋಟೀನು, ವಿಟಮಿನ್ನು, ನಾರು ಅಂತ. ಮುಗದಮ್ಯಾಲ ಮುಂದ ಕುಂತಿದ್ದ ಆಯಿ ಒಬ್ಬಾಕಿ ಚಾರ್ಟಿನ ಸನೇಕ ಬಂದು ಬೆರಳು ಆಡಿಸಿ ಹುಡುಕಿ, "ಯವ್ವಾ, ಇದರಾಗ ರೊಟ್ಟಿ ಎಲ್ಲೈತಿ?" ಅಂದ್ಲು. ನನಗ ನಾಚಿಕಿ ಆತು, ರೊಟ್ಟಿನೂ ತಿನ್ರಿ ಆಯಿ, ರೊಟ್ಟಿ ಭಾಳ ಚಲೋ ಅಂದೆ. ಆಕಿ ಬಿಡಲಿಲ್ಲ. "ಚಲೋ ಅಂತ ನನಗೂ ಗೊತ್ತು, ಬಡಿಯೋರು ಯಾರು? ಸೊಸಿ ಎಂಟಕ್ಕ ಕೂಲಿಗೆ ಹೋಗ್ತಾಳ, ನನ್ನ ಮಣಿಕಟ್ಟು ಹೋಗಿ ಮೂರು ವರ್ಷ ಆತು, ಕುಕ್ಕರ್‌ನ್ಯಾಗ ಅಕ್ಕಿ ಹಾಕಿದ್ರ ಮೂರು ಸೀಟಿ" ಅಂದ್ಲು. ಆವತ್ತು ಚಾರ್ಟು ಸುತ್ತಿ ಬಸ್ಸಿನ್ಯಾಗ ಇಟ್ಟವಳು ಮತ್ತ ತೆಗೀಲಿಲ್ಲ.

ನೋಡ್ರಿ, ಎಲ್ಲಾ ಇದರಾಗ ಐತಿ. ನಮ್ಮ ಧಾರವಾಡ, ಗದಗ, ಹಾವೇರಿ ಸೀಮಿಯೊಳಗ ಊಟ ಕೆಟ್ಟಿದ್ದು ಮಂದಿ ದಡ್ಡರಾದ್ರು ಅಂತಲ್ಲ, ಪಿಜ್ಜಾ ಬರ್ಗರ್ ಬಂತು ಅಂತನೂ ಅಲ್ಲ, ಅದು ಹುಬ್ಬಳ್ಳಿ ವಿದ್ಯಾನಗರದ ಕಾಲೇಜು ಹುಡುಗರ ಮಾತು. ನಮ್ಮ ಓಣಿಗಳೊಳಗ ಆಗಿದ್ದು ಏನಂದ್ರ ರೊಟ್ಟಿ, ಕಾಳು, ತಪ್ಪಲ ಪಲ್ಯ ಇದ್ದ ತಾಟಿನ್ಯಾಗ ಒಂದೊಂದ ಜಾರಿ ಬರೇ ಅನ್ನ ಸಾರು ಉಳೀತು. 2013ರಾಗ ಅನ್ನಭಾಗ್ಯ ಬಂದಮ್ಯಾಲ ಅಕ್ಕಿ ಮನಿಗೆ ಬಂತು, ಅದರಿಂದ ಎಷ್ಟೋ ಮನಿಯಾಗ ಹಸಿವಿ ನಿಂತೈತಿ, ನಾ ಅದನ್ನ ಕಣ್ಣಾರೆ ನೋಡೀನಿ, ಹಂಗಾಗಿ ಅಕ್ಕಿ ಬೈಯೋರನ್ನ ಕಂಡ್ರ ನನಗ ಸಿಟ್ಟು ಬರ್ತೈತಿ. ಆದ್ರ ಲೆಕ್ಕ ಹಾಕ್ರಿ, ಅಕ್ಕಿ ಪುಕ್ಕಟ, ಜ್ವಾಳಕ್ಕ ರೊಕ್ಕ, ಮ್ಯಾಲ ಗಿರಣಿ ರೊಕ್ಕ, ಹಸನ ಮಾಡೂದು, ಬೀಸಿಸೂದು, ಎಸರು ಕಾಸೂದು, ನಾದೂದು, ಬಡಿಯೂದು, ಬೇಸೂದು, ಐದು ಮಂದಿ ಮನಿಗೆ ಮುಂಜಾನೆ ಒಂದು ತಾಸು ಒಲಿ ಮುಂದ ಕುಂದ್ರಬೇಕು. ಆ ತಾಸು ಯಾರದು? ಹೆಂಗಸರದು. ಆಕಿಗೆ ಮಗ್ಗ ಐತಿ, ಮಕ್ಕಳ ಸಾಲಿ ಐತಿ, ಸಂಘದ ಕಂತು ಐತಿ. ಆಕಿಗೆ ನೀವು ಹೋಗಿ 'ಅನ್ನ ಬಿಡ್ರಿ ರೊಟ್ಟಿ ತಿನ್ರಿ' ಅಂದ್ರ ಆಕಿಗೆ ಕೇಳಸೂದು ಏನು, 'ಇನ್ನೂ ಒಂದು ತಾಸು ಜಲ್ದಿ ಏಳು' ಅಂತ. ತಾಟು ಮುಚ್ಚದ ಇನ್ನೇನು ಮಾಡ್ತಾಳ್ರಿ.

ಹಂಗಾಗಿ ನಿಮ್ಮ ಪ್ರಶ್ನಿ ನಾ ಸ್ವಲ್ಪ ತಿರುವಿ ಹಾಕ್ತೀನಿ. ಮಂದಿಗೆ ಹೆಂಗ ಹೇಳಬೇಕು ಅನ್ನೂದು ಬಿಡ್ರಿ, ಯಾರ ಕೈಯಾಗಿನ ಯಾವ ಕೆಲಸ ಹಗುರ ಮಾಡಿದ್ರ ಚಲೋ ಊಟ ತಾನಾಗಿ ತಾಟಿಗೆ ಬರ್ತೈತಿ ಅಂತ ಹುಡುಕ್ರಿ.

ರೊಟ್ಟಿಯಿಂದನ ಶುರು ಮಾಡೂಣು. ನಿಮ್ಮ 18 ಮಂದಿಯೊಳಗ ಇಬ್ರು ಮೂವರು ಇದ್ದೇ ಇರ್ತಾರ, ಅವ್ರ ಕೈಯಾಗ ಹಿಟ್ಟು ತಿರುಗೂದು ನೋಡಿದ್ರ ಸಾಕು, ಎಸರಿನ್ಯಾಗ ಕಲಸಿ ಎರಡು ನಿಮಿಷ ನಾದಿ ಪರಾತದಾಗ ಟಪಟಪ ಅಂತ ಬಡದ್ರ ಅಂಚು ಒಡಿಯೂದಿಲ್ಲ, ಹಂಚಿಗೆ ಹಾಕಿ ಒದ್ದಿ ಅರವಿ ಸವರಿ ತಿರುವಿದ್ರ ಪುಗ್ಗಾ ಉಬ್ಬಿಧಂಗ ಉಬ್ಬತೈತಿ. ಉಳಿದವ್ರು ಬಡದ್ರ ಸೀಳತಾವ, ಸೀಳಿದ್ರ ಅತ್ತಿ ಒಂದು ಮಾತು ಅಂತಾಳ, ಅದಕ್ಕ ಸೊಸಿ ಕುಕ್ಕರ್ ಹಿಡೀತಾಳ. ಆ ಇಬ್ರು ಮೂವರು ದಿನಾ ಮುಂಜಾನೆ ಓಣಿಗೆ ಬೇಕಾದಷ್ಟು ರೊಟ್ಟಿ ಬಡದು ಕೊಡ್ಲಿ, ಹಿಟ್ಟು ಅವರವರ ಮನಿದು, ಕೂಲಿ ರೊಟ್ಟಿ ಲೆಕ್ಕದಾಗ. ಇಲ್ಲಾ ವಾರಕ್ಕೊಮ್ಮೆ ಖಡಕ್ ರೊಟ್ಟಿ ಮಾಡಿ ಹಂಚಿದ್ರೂ ಆತು, ಅದಕ್ಕ ಫ್ರಿಜ್ ಬೇಕಾಗಿಲ್ಲ, ಬಿಸಿಲಿನ್ಯಾಗ ಗರಿಗರಿ ಆದ ಮ್ಯಾಲ ವಾರಗಟ್ಟಲೆ ಇರ್ತಾವ, ನಮ್ಮ ಅಜ್ಜಿ ಬುಟ್ಟಿ ತುಂಬ ಸುತ್ತಿ ಇಡ್ತಿದ್ಲು. ಹುಬ್ಬಳ್ಳಿ ಧಾರವಾಡದಾಗ ಎಷ್ಟೋ ಹೆಣ್ಮಕ್ಕಳು ಇದರ ಮ್ಯಾಲ ಮನಿ ನಡಸ್ತಾರ. ರೊಟ್ಟಿ ಮಷಿನ್ನೂ ಬಂದಾವ, ಬಡದ ರೊಟ್ಟಿ ರುಚಿ ಅದಕ್ಕ ಬರೂದಿಲ್ಲ ಅನ್ನೋದು ನನ್ನ ಹಠ, ಆದ್ರ ಮಣಿಕಟ್ಟು ಉಳೀತೈತಿ ಅನ್ನೋದೂ ಖರೇ. ಸಣ್ಣ ಆಹಾರ ಉದ್ಯಮಕ್ಕ ಅಂತ 2020ರಾಗ ಕೇಂದ್ರ ಸರ್ಕಾರ ಪಿಎಂಎಫ್‌ಎಂಇ ಅಂತ ಯೋಜನೆ ತಂತು, ಅದರಾಗ ಮಷಿನ್‌ಗೆ ಸಾಲ ತಗೊಂಡ್ರ ಶೇ 35 ಸಬ್ಸಿಡಿ, ಸ್ವಸಹಾಯ ಸಂಘದ ಸದಸ್ಯರಿಗೆ ತಲಿಗೆ 40,000 ರೂಪಾಯಿ ತನಕ ಬೀಜಧನ, ಅಂದ್ರ ಕೆಲಸ ಶುರು ಮಾಡಾಕ ಬೇಕಾದ ರೊಕ್ಕ, ಅಂತ ಇಟ್ಟಿದ್ರು. ಮಷಿನ್ ವಿಚಾರ ಇದ್ರ ತಾಲೂಕಿನ ಕೃಷಿ ಇಲಾಖಿ ಆಫೀಸಿನ್ಯಾಗ ಮೊದ್ಲ ಕೇಳಿ ಆಮ್ಯಾಲ ಮುಂದ ಹೋಗ್ರಿ.

ಜ್ವಾಳ ಕೊಳ್ಳೂದರಾಗೂ ಒಂದು ಮಾತು. ಕಿರಾಣಿ ಅಂಗಡಿಯೊಳಗ ಸಿಗೋ ಪಾಕೀಟು ಹಿಟ್ಟು ಎಷ್ಟು ದಿನದ್ದೋ ಏನೋ, ಹಳೇ ಹಿಟ್ಟಿಗೆ ಜಿಗಿ ಇರೂದಿಲ್ಲ, ಜಿಗಿ ಇಲ್ಲಂದ್ರ ಎಂಥಾ ಕೈಯಾದ್ರೂ ರೊಟ್ಟಿ ಹರೀತಾವ, ಆಮ್ಯಾಲ 'ನನಗ ಬರೂದಿಲ್ಲ' ಅಂತ ಹೆಣ್ಮಕ್ಕಳು ಕೈ ಬಿಡ್ತಾರ. ಹಿಂಗಾರಿ ಬಿಳಿ ಜ್ವಾಳ ಫೆಬ್ರವರಿ ಮಾರ್ಚಿನ್ಯಾಗ ರಾಶಿ ಆಗ್ತೈತಿ, ಆವಾಗ ಸಂಘದಿಂದ ಒಟ್ಟಿಗೆ ರೈತರ ಕಡೆ ಚೀಲ ಲೆಕ್ಕದಾಗ ತಗೊಂಡು ಹಂಚ್ಕೊಳ್ರಿ, ಹದಿನೈದು ದಿನಕ್ಕೊಮ್ಮೆ ಬೀಸಿಸ್ರಿ. ಸಹಕಾರದ ಪಾಠ ನಾ ನಿಮಗ ಹೇಳಬೇಕೇನ್ರಿ, 1905ರಾಗ ಕೃಷಿ ಸಹಕಾರ ಸಂಘ ಹುಟ್ಟಿದ ಕಣಗಿನಹಾಳ ನಿಮ್ಮ ತಾಲೂಕಿಂದ. ರೊಟ್ಟಿ ಆಗೂದ ಇಲ್ಲ ಅನ್ನೋ ಮನಿಗೆ ಜ್ವಾಳದ ನುಚ್ಚು, ಸಂಗಟಿ ಐತಿ, ಸಾವಿ ಅಕ್ಕಿ, ನವಣಕ್ಕಿ ಐತಿ, ಇವು ಅನ್ನಧಂಗ ಕುಕ್ಕರ್‌ನ್ಯಾಗ ಆಗ್ತಾವ, ಬಡಿಯೋ ಕಾಟ ಇಲ್ಲ. ನುಚ್ಚಿಗೆ ಮಜ್ಜಿಗಿ ಹಾಕ್ಕೊಂಡು ಹಸಿ ಉಳ್ಳಾಗಡ್ಡಿ ಕಡಕೊಂಡು ತಿಂದವ್ರಿಗೆ ಗೊತ್ತು ಅದರ ರುಚಿ.

ಆದ್ರ ಒಂದು ಎಚ್ಚರ. ಈಗ ಎಲ್ಲಿ ನೋಡಿದ್ರೂ ಸಿರಿಧಾನ್ಯ ತಿಂದ್ರ ಶುಗರ್ ಹೋಗ್ತೈತಿ ಅಂತ ವಿಡಿಯೋ. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಆದಾಗಿಂದ ಅಂತೂ ಹಬ್ಬನ. ಜ್ವಾಳ ಔಷಧ ಅಲ್ಲ, ಅದು ಊಟ. 100 ಗ್ರಾಂ ಜ್ವಾಳದಾಗ ಸುಮಾರು 10 ಗ್ರಾಂ ನಾರು ಐತಿ, ಪಾಲಿಶ್ ಅಕ್ಕಿಯೊಳಗ 3 ಗ್ರಾಂ ಒಳಗ, ಹಂಗಾಗಿ ರೊಟ್ಟಿ ತಿಂದ್ರ ಹೊಟ್ಟಿ ತುಂಬಿಧಂಗ ಜಾಸ್ತಿ ಹೊತ್ತು ಇರ್ತೈತಿ, ಶುಗರ್ ಸಾವಕಾಶ ಏರತೈತಿ. ಆದ್ರ ಕ್ಯಾಲೊರಿ ಲೆಕ್ಕದಾಗ ಅಕ್ಕಿಗೂ ಜ್ವಾಳಕ್ಕೂ ಅಂಥಾ ದೊಡ್ಡ ಫರಕ್ ಇಲ್ಲ. 50 ಗ್ರಾಂ ಹಿಟ್ಟಿನ ಒಂದು ರೊಟ್ಟಿ ಅಂದ್ರ 170ರ ಆಸುಪಾಸು ಕ್ಯಾಲೊರಿ, ಐದು ರೊಟ್ಟಿ ಬಡದು ಮ್ಯಾಲ ಶೇಂಗಾ ಚಟ್ನಿಗೆ ಎಣ್ಣಿ ಹಾಕ್ಕೊಂಡು, ಅದ ಖುಷಿಯೊಳಗ ಒಂದು ತಾಟು ಅನ್ನನೂ ಉಂಡ್ರ ಜ್ವಾಳ ಏನು ಮಾಡೀತು? ಹೊಲದಾಗ ದಿನಾ ಪೂರ್ತಿ ದುಡಿದ ಅಜ್ಜಗ ಐದು ರೊಟ್ಟಿ ಕರಗತಿದ್ವು, ಮಗ್ಗದ ಮುಂದ ಕುಂತವ್ರಿಗೆ, ಅಂಗಡಿಯೊಳಗ ಕುಂತವ್ರಿಗೆ ಎರಡು ಸಾಕು, ಉಳಿದ ಜಾಗ ಕಾಳಿಗೆ, ಪಲ್ಯಕ್ಕ ಬಿಡಬೇಕು. ಅನ್ನನ ಉಣ್ಣೋ ಮನಿಗೂ ಇದ ಮಾತು, ಅನ್ನ ತಗೀಬ್ಯಾಡ್ರಿ, ಸಾರಿನ ಜಾಗಾಕ್ಕ ಗಟ್ಟಿ ಬ್ಯಾಳಿ ಬರ್ಲಿ, ಮಡಕಿಕಾಳು, ಹೆಸರು, ಹುರುಳಿ, ಅಲಸಂದಿ, ಯಾವುದಾರ ಒಂದು ಕಾಳು ದಿನಾ ಬರ್ಲಿ.

ಇನ್ನ ನಾ ಎಲ್ಲಾ ಕಡೆ ಮಾಡಸೋ ಒಂದು ಆಟ ಹೇಳ್ತೀನಿ, ತೂಕದ ಮಷಿನ್ ಬ್ಯಾಡ, ಚಾರ್ಟು ಬ್ಯಾಡ, ಬರೇ ಕಿರಾಣಿ ಚೀಟಿ ಸಾಕು. ನಾಕು ಮಂದಿ ಇರೋ ಮನಿ ಹಿಡೀರಿ. ಉಪ್ಪು ಒಬ್ಬರಿಗೆ ದಿನಕ್ಕ 5 ಗ್ರಾಂ ದಾಟಬಾರದು ಅಂತ ಲೆಕ್ಕ, ಅಂದ್ರ ಸಣ್ಣ ಚಮಚ ತುಂಬಿ ಮ್ಯಾಲಿಂದು ಬೆರಳಿಂದ ಸವರಿ ತಗದ್ರ ಎಷ್ಟೋ ಅಷ್ಟು. ನಾಕು ಮಂದಿಗೆ ದಿನಕ್ಕ 20 ಗ್ರಾಂ, ಒಂದು ಕಿಲೊ ಉಪ್ಪಿನ ಪಾಕೀಟು 50 ದಿನ ಬರಬೇಕು. ಎಷ್ಟು ದಿನ ಬರ್ತೈತಿ ಅಂತ ಕೇಳ್ರಿ, ಯಾರಿಗೂ ಗೊತ್ತಿರೂದಿಲ್ಲ. ಪಾಕೀಟು ಒಡದ ದಿನ ಅದರ ಮ್ಯಾಲ ಪೆನ್ನಿನಿಂದ ತಾರೀಖು ಬರೀರಿ, ಮುಗದ ದಿನ ನೋಡ್ರಿ. 25 ದಿನಕ್ಕ ಮುಗೀತು ಅಂದ್ರ ಬಿಪಿ ಎಲ್ಲಿಂದ ಬಂತು ಅಂತ ಯಾರೂ ಭಾಷಣ ಮಾಡಬೇಕಾಗಿಲ್ಲ. ಉಪ್ಪಿನಕಾಯಿಗೆ ಅಂತ ಬ್ಯಾಸಿಗಿಯೊಳಗ ಹಾಕಿದ ಉಪ್ಪು ಬ್ಯಾರೆ ತಗೀರಿ, ಆದ್ರ ಹೊರಗಿಂದ ತಂದ ಹಪ್ಪಳ, ಚೂಡಾ, ಕುರುಕುರು ಪಾಕೀಟಿನ ಉಪ್ಪು ಈ ಲೆಕ್ಕದಾಗ ಬಂದಿಲ್ಲ ಅನ್ನೋದು ನೆನಪಿಡ್ರಿ.

ಹಂಗ ಎಣ್ಣಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವ್ರು 2024ರಾಗ ಹೊಸ ಮಾರ್ಗಸೂಚಿ ಕೊಟ್ಟಾರ, ದಿನಕ್ಕ 2,000 ಕ್ಯಾಲೊರಿ ಉಣ್ಣೋರಿಗೆ ಎಣ್ಣಿ, ತುಪ್ಪ ಎಲ್ಲಾ ಸೇರಿ 27 ಗ್ರಾಂ ಅಂತ. ನಾಕು ಮಂದಿಗೆ ತಿಂಗಳಿಗೆ ಸುಮಾರು ಮೂರೂವರಿ ಲೀಟರ್ ಆತು. ಸಕ್ರಿ ಒಬ್ಬರಿಗೆ ದಿನಕ್ಕ 25 ಗ್ರಾಂ ಒಳಗ ಅಂದ್ರ ನಾಕು ಮಂದಿಗೆ ತಿಂಗಳಿಗೆ 3 ಕಿಲೊ, ಅದೂ ಬಿಸ್ಕೀಟು, ಕೋಲಾ, ಪೇಢೆ ಎಲ್ಲಾ ಸೇರಿ, ಬೆಲ್ಲನೂ ಸೇರಿ. ಬೆಲ್ಲ ತಿಂದ್ರ ಶುಗರ್ ಏರೂದಿಲ್ಲ ಅಂತ ನಮ್ಮ ಕಡೆ ಒಂದು ನಂಬಿಕಿ ಐತಿ, ಅದು ಸುಳ್ಳು, ಕಡೀಕ ಎರಡೂ ಸಕ್ರಿನ. ಇನ್ನ ತರಕಾರಿ ಅದ ಮಾರ್ಗಸೂಚಿಯೊಳಗ ಒಬ್ಬರಿಗೆ 400 ಗ್ರಾಂ, ನಾಕು ಮಂದಿಗೆ ದಿನಕ್ಕ ಒಂದೂವರಿ ಕಿಲೊದ ಮ್ಯಾಲ. ಇದನ್ನ ಹೇಳಿದಾಗ ಎಲ್ಲಾರೂ ನಗತಾರ, ಯಾಕಂದ್ರ ಪಾವ್ ಕಿಲೊ ಬದ್ನಿಕಾಯಿ ಎಣಗಾಯಿ ಮಾಡಿ ಐದು ಮಂದಿ ಉಣ್ಣೋ ಮನಿ ನಮ್ಮವು. ನಕ್ಕರ ನಗಲಿ, ಚೀಟಿ ನೋಡಿದಾಗ ಎಣ್ಣಿ ಆರು ಲೀಟರ್, ತಪ್ಪಲ ಪಲ್ಯ ವಾರಕ್ಕ ಎರಡು ಕಟ್ಟು ಅಂತ ತಾವ ಬರದಿದ್ದು ತಾವ ಓದ್ತಾರಲ್ಲ, ಆವಾಗ ನಗು ಸ್ವಲ್ಪ ನಿಲ್ತೈತಿ. ಸಂಘದವ್ರಿಗೆ ಲೆಕ್ಕ ಬರಿಯೋದು ಹೊಸದಲ್ಲ, ಪಾಸ್‌ಬುಕ್ ನೋಡೋ ಕಣ್ಣು ಐತಿ. ಒಂದ ನೇಮ, ಯಾರ ಮನಿ ಚೀಟಿನೂ ಜೋರಾಗಿ ಓದಬಾರದು, ಅವರವರ ಹಿಂದಿನ ತಿಂಗಳ ಜೋಡಿ ಅವರವ್ರು ಹೋಲಿಸಿ ನೋಡ್ಕೋಬೇಕು. ಒಂದು ಕಡೆ ನಾ ಈ ತಪ್ಪು ಮಾಡಿದ್ದೆ, ಬೋರ್ಡಿನ ಮ್ಯಾಲ ಮನಿ ಹೆಸರು ಬರದು ಎಣ್ಣಿ ಲೆಕ್ಕ ಹಾಕಿದೆ, ಮುಂದಿನ ವಾರ ಅರ್ಧ ಮಂದಿ ಮೀಟಿಂಗಿಗೇ ಬರಲಿಲ್ಲ.

ಈಗ ನಿಮ್ಮ ಮಿರ್ಚಿ ಭಜಿಗೆ ಬರ್ತೀನಿ. ಗದಗಿನವ್ರಿಗೆ ಮಿರ್ಚಿ ಭಜಿ ಬಿಡ್ರಿ ಅನ್ನೋಷ್ಟು ಧೈರ್ಯ ನನಗಿಲ್ಲ, ನಾನೂ ಹುಬ್ಬಳ್ಳಿಯಾಕಿ, ಸಂಜಿಮುಂದ ದುರ್ಗದ ಬೈಲಿನ್ಯಾಗ ಗಾಡಿ ವಾಸನಿ ಬಂದ್ರ ಕಾಲು ತಾನಾಗಿ ನಿಲ್ತಾವ. ಭಜಿ ನಿಲ್ಲಸಬ್ಯಾಡ್ರಿ, ಅದರ ಮುಂದ ಇನ್ನೊಂದು ಇಡ್ರಿ. ನಾವು ಧಾರವಾಡದ ಒಂದು ಸಂಘದಾಗ ಮೊದಲ ಸಲ ಮೊಳಕಿಕಾಳು ಇಟ್ಟಾಗ ಏನಾತು ಗೊತ್ತೇನು, ಹಸಿ ಕಾಳು, ಉಪ್ಪಿಲ್ಲ ಖಾರಿಲ್ಲ, ಭಾಳ ಆರೋಗ್ಯ ಅಂತ ಸ್ಟೀಲಿನ ಬುಟ್ಟಿ ತುಂಬ ಇಟ್ಟೆ. ತಲಿಗೆ ಎರಡು ಕಾಳು ಬಾಯಾಗ ಹಾಕ್ಕೊಂಡ್ರು, ಬುಟ್ಟಿ ಹಂಗ ವಾಪಸ್ ಬಂತು. ಒಬ್ಬಾಕಿ ಕಿವಿಯೊಳಗ "ಮೇಡಮ್ಮಾರ, ನಮ್ಮ ಮನಿ ಎಮ್ಮಿ ಇದನ್ನ ಪ್ರೀತಿಲೆ ತಿಂತಾವ" ಅಂದ್ಲು. ಮುಂದಿನ ವಾರ ಅದ ಹೆಸರುಕಾಳು, ಎರಡು ಚಮಚ ಎಣ್ಣಿಯೊಳಗ ಸಾಸಿವಿ, ಜೀರಗಿ, ಕರಿಬೇವು, ಜಜ್ಜಿದ ಬಳ್ಳೊಳ್ಳಿ, ಹಸಿಮೆಣಸಿನಕಾಯಿ ಒಗ್ಗರಣಿ ಕೊಟ್ಟು, ಅರ್ಧಂಬರ್ಧ ಬೇಸಿ, ಮ್ಯಾಲ ಹಸಿ ಉಳ್ಳಾಗಡ್ಡಿ, ಕೊತ್ತಂಬರಿ, ನಿಂಬಿಹಣ್ಣು ಹಿಂಡಿ ಉಸಳಿ ಮಾಡಿದ್ವಿ. ಭಜಿನೂ ಇತ್ತು, ತಲಿಗೆ ಒಂದ. ಉಸಳಿ ಮೊದ್ಲ ಖಾಲಿ ಆತು. ಆವತ್ತಿಂದ ನಂದು ಒಂದ ಹಠ, ರುಚಿ ಇಲ್ಲದ್ದನ್ನ ಆರೋಗ್ಯದ ಹೆಸರಿನ್ಯಾಗ ಯಾರ ಮುಂದೂ ಇಡಬಾರದು, ಒಮ್ಮೆ ಬಾಯಿ ಕೆಟ್ಟರ ಆರು ತಿಂಗಳು ಆ ಕಾಳಿನ ಹೆಸರು ತಗೀಗೊಡೂದಿಲ್ಲ ಮಂದಿ. ಗಿರ್ಮಿಟ್ಟಿಗೂ ಹಂಗ, ಚುರಮುರಿ ಅರ್ಧ ಮಾಡಿ, ಮೊಳಕಿಕಾಳು, ಸವತಿಕಾಯಿ, ಗಜ್ಜರಿ ಹೆಚ್ಚು ಹಾಕ್ರಿ, ಮ್ಯಾಲಿನ ಸೇವು ತುಸು ಕಡಿಮಿ ಮಾಡ್ರಿ, ಯಾರೂ ಜಗಳ ತಗಿಯೂದಿಲ್ಲ.

ಭಜಿ ತರಸೂದ ಆದ್ರ ಗಾಡಿಯವನ ಬಾಣಲಿ ಒಮ್ಮೆ ನೋಡ್ರಿ. ಎಣ್ಣಿ ಕರ್ರಗ ಆಗಿ, ಅಂಟಂಟಾಗಿ, ಮ್ಯಾಲ ಬುರುಗು ನಿಂತು, ಕಾಯೂ ಮೊದ್ಲ ಹೊಗಿ ಬರ್ತಿದ್ರ ಅದು ನಿನ್ನಿದೂ ಅಲ್ಲ ಮೊನ್ನಿದೂ ಅಲ್ಲ. ಕಾಸಿ ಕಾಸಿ ಕೆಟ್ಟ ಎಣ್ಣಿಗೆ ಕಾನೂನಿನ್ಯಾಗೂ ಮಿತಿ ಐತಿ, 2018ರ ಜುಲೈಯಿಂದ ಟೋಟಲ್ ಪೋಲಾರ್ ಕಾಂಪೌಂಡ್ಸ್, ಅಂದ್ರ ಎಣ್ಣಿ ಕಾಸಿದಷ್ಟೂ ಅದರಾಗ ಹೆಚ್ಚಾಗೋ ಕೆಟ್ಟ ಅಂಶ, ಶೇ 25 ದಾಟಿದ ಎಣ್ಣಿ ಬಳಸಬಾರದು ಅಂತ. ಅದನ್ನ ಅಳಿಯೋ ಯಂತ್ರ ನಿಮ್ಮ ಕಡೆ ಇಲ್ಲ, ಆದ್ರ 18 ಮಂದಿ ಖಾಯಂ ಗಿರಾಕಿ ಒಟ್ಟಿಗೆ ಹೋಗಿ "ಅಣ್ಣಾ, ಹೊಸ ಎಣ್ಣಿ ಹಾಕಿದ ದಿನ ಹೇಳು, ಆವತ್ತ ತಗೋತೀವಿ" ಅಂದ್ರ ಆ ಅಣ್ಣ ಕೇಳ್ತಾನ, ಅವನೂ ಯಾಪಾರ ಮಾಡಬೇಕಲ್ಲ.

ಚಾ ಬಗ್ಗೆ ಜಾಸ್ತಿ ಹೇಳೂದಿಲ್ಲ. ಮಗ್ಗದ ಮನಿಯೊಳಗ ದಿನಕ್ಕ ಐದಾರು ಸಲ ಚಾ ಆಗ್ತೈತಿ, ಸಲಕ್ಕ ಎರಡು ಚಮಚ ಸಕ್ರಿ ಅಂದ್ರ ಬರೇ ಚಾದಾಗ 40-50 ಗ್ರಾಂ ಹೋತು, ಮ್ಯಾಲ ಹೇಳಿದ 25ರ ಎರಡರಷ್ಟು. ಚಾ ಬಿಡಸಾಕ ಹೋಗಬ್ಯಾಡ್ರಿ, ಕಪ್ಪು ಸಣ್ಣದು ಮಾಡ್ರಿ, ವಾರಕ್ಕೊಮ್ಮೆ ಅರ್ಧ ಚಮಚ ಇಳಸ್ರಿ, ನಾಲಿಗಿಗೆ ಗೊತ್ತಾಗೂದಿಲ್ಲ. ನಾ ಸ್ವತಃ ಎರಡು ಚಮಚದಿಂದ ಅರ್ಧಕ್ಕ ಬರಾಕ ಎರಡು ತಿಂಗಳು ತಗೊಂಡೆ, ಈಗ ಮಂದಿ ಮನಿ ಚಾ ನನಗ ಪಾಯಸ ಅನಸ್ತೈತಿ.

ಇದಕ್ಕಿಂತ ದೊಡ್ಡ ವಿಚಾರ ಇನ್ನೊಂದು ಐತಿ, ನೀವು ಕೇಳಿಲ್ಲ, ಆದ್ರ ನಾ ಹೇಳದ ಬಿಡೂದಿಲ್ಲ. ನಿಮ್ಮ ಓಣಿಯೊಳಗ ಶುಗರ್ ಕಣ್ಣಿಗೆ ಬಿತ್ತು, ರಕ್ತ ಕಡಿಮಿ ಇರೋದು ಯಾರಿಗೂ ಕಣ್ಣಿಗೆ ಬಿದ್ದಿಲ್ಲ. 2019ರಿಂದ 21ರ ತನಕ ಆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯೊಳಗ ಕರ್ನಾಟಕದ 15ರಿಂದ 49 ವಯಸ್ಸಿನ ಹೆಣ್ಮಕ್ಕಳೊಳಗ ಶೇ 47.8 ಮಂದಿಗೆ ರಕ್ತಹೀನತೆ ಸಿಕ್ಕೈತಿ. ನಿಮ್ಮ 18 ಮಂದಿಯೊಳಗ ಎಂಟೊಂಬತ್ತು ಮಂದಿ ಅಂತ ತಿಳ್ಕೊಳ್ರಿ. ಯಾಕ ಆಗಬಾರದು ಹೇಳ್ರಿ? ಎಲ್ಲಾರಿಗೂ ಬಡಿಸಿ ಕಡೀಕ ಉಣ್ಣೂದು, ಆವಾಗ ಪಲ್ಯದ ಬಾಣಲಿಯೊಳಗ ಎಣ್ಣಿ ಮೆತ್ತಿದ್ದು ಉಳಿದಿರ್ತೈತಿ, ಅದಕ್ಕ ರೊಟ್ಟಿ ಒರಸಿ ಉಂಡು, ಮ್ಯಾಲ ಒಂದು ಕಪ್ಪು ಚಾ. ಕಾಳು ಗಂಡಗ, ತತ್ತಿ ಮಗಗ, ಹಾಲು ಮಾವಗ. ಇದಕ್ಕ ನಾ ಕಂಡ ಉಪಾಯ ಒಂದ, ಬಡಸೂ ಮೊದ್ಲ ಒಂದು ಬಟ್ಟಲದಾಗ ಕಾಳು, ಪಲ್ಯ ತಗದು ನಿಮ್ಮದು ಅಂತ ಮುಚ್ಚಿ ಇಡೂದು. ಕ್ರಾಂತಿ ಏನಲ್ಲ, ಬರೇ ಬಟ್ಟಲ. ಆದ್ರ ಮಂದಿ ಹೆಂಗ ಬೆರಗಾಗ್ತಾರ ನೋಡ್ರಿ, 'ನಮಗ ಅಂತ ತಗದಿಡೂದ?' ಅಂತಾರ.

ನಮ್ಮ ಸಂತಿಯೊಳಗ ಸಿಗೋ ಪುಂಡಿ, ರಾಜಗಿರಿ, ಮೆಂತ್ಯ, ಹಕ್ಕರಕಿ, ಕಿರಕಸಾಲಿ, ಇವುಗಳಷ್ಟು ಅಗ್ಗದ ಚಲೋ ಊಟ ಯಾವುದೈತಿ? ಕಬ್ಬಿಣಂಶ ಮೈಗೆ ಹತ್ತಬೇಕಂದ್ರ ಊಟದಾಗ ಹುಳಿ ಹಣ್ಣು ಇರಬೇಕು, ನಿಂಬಿಹಣ್ಣಿನ ಅರ್ಧ ಹೋಳು ಪಲ್ಯದ ಮ್ಯಾಲ ಹಿಂಡಿದ್ರ ಅದರಾಗಿನ ವಿಟಮಿನ್ ಸಿ ಆ ಕೆಲಸ ಮಾಡ್ತೈತಿ, ಊಟದ ಜೋಡಿನ ಕುಡಿಯೋ ಚಾ ಅದನ್ನ ಕೆಡಸ್ತೈತಿ, ಹಂಗಾಗಿ ಚಾಕ್ಕೂ ಊಟಕ್ಕೂ ಒಂದು ತಾಸು ಅಂತರ ಇರ್ಲಿ. ಕಾಳು ಮೊಳಕಿ ಬರಿಸಿದ್ರೂ ಕಬ್ಬಿಣಂಶ ಸಲೀಸ ಸಿಗ್ತೈತಿ. ಅಷ್ಟಾದ್ರೂ ರಕ್ತ ಭಾಳ ಕಡಿಮಿ ಇದ್ದವ್ರಿಗೆ ಬರೇ ಪಲ್ಯ ಸಾಲೂದಿಲ್ಲ, ಆಶಾ ಅಕ್ಕನ ಕೈಲೆ ಹಿಮೋಗ್ಲೋಬಿನ್ ತಪಾಸಣಿ ಮಾಡಿಸಿ ಗುಳಿಗಿ ತಗೋಬೇಕು.

ಮಕ್ಕಳದು. ಕೈಯಾಗ ಐದು, ಹತ್ತು ರೂಪಾಯಿ ಕೊಟ್ಟು ಅಂಗಡಿಗೆ ಕಳಿಸಿ ಆಮ್ಯಾಲ ಪಾಕೀಟು ತಿನ್ನಬ್ಯಾಡ ಅಂದ್ರ ಅದು ನ್ಯಾಯ ಅಲ್ಲ. ನಾಗರ ಪಂಚಮಿಗೆ ಶೇಂಗಾದುಂಡಿ, ಎಳ್ಳುಂಡಿ, ಜ್ವಾಳದ ಅಳ್ಳು ಮಾಡಿ ಡಬ್ಬಿ ತುಂಬತೀವಲ್ಲ, ವರ್ಷಕ್ಕೊಮ್ಮೆ ಯಾಕ? ಹದಿನೈದು ದಿನಕ್ಕೊಮ್ಮೆ ಸಂಘದಾಗ ಒಟ್ಟಿಗೆ ಸಣ್ಣ ಸಣ್ಣ ಉಂಡಿ ಕಟ್ರಿ, ಹುರಗಡ್ಲಿ, ಶೇಂಗಾ ಹುರದು ಡಬ್ಬಿಯೊಳಗ ಇಡ್ರಿ, ಸಾಲಿಯಿಂದ ಬಂದ ಹುಡುಗ ಮೊದ್ಲ ಕೈಗೆ ಸಿಕ್ಕಿದ್ದನ್ನ ತಿಂತೈತಿ, ಡಬ್ಬಿ ಕೈಗೆ ಸಿಗೋ ಹಂಗ ಇದ್ರ ಡಬ್ಬಿ, ಅಂಗಡಿ ಸನೇಕ ಇದ್ರ ಅಂಗಡಿ.

ಇನ್ನ ಅತ್ತೆಂದ್ರು. ಓಣಿಯೊಳಗ ಯಾವ ಬದಲಾವಣಿನೂ ಅವ್ರನ್ನ ದಾಟಿ ಅಡಗಿ ಮನಿಗೆ ಹೋಗೂದಿಲ್ಲ, ಮತ್ತ ಅವ್ರಿಗೆ ನೀವು ಪಾಠ ಮಾಡಾಕ ಹೋದ್ರ ಸತ್ತ್ರಿ. ಅವ್ರ ಕಡಿಂದ ಪಾಠ ಹೇಳಿಸ್ಕೊಳ್ರಿ. ಎಳ್ಳ ಅಮಾಸಿ ಸನೇಕ ಬಂದಾಗ 'ಚರಗಕ್ಕ ನಿಮ್ಮ ಕಾಲದಾಗ ಏನೇನು ಕಟ್ಕೊಂಡು ಹೊಲಕ್ಕ ಹೋಗ್ತಿದ್ರಿ ಅತ್ತಿ' ಅಂತ ಕೇಳ್ರಿ. ಸಜ್ಜಿ ರೊಟ್ಟಿ, ಪುಂಡಿಪಲ್ಯ, ಕಾಳಪಲ್ಯ, ಎಣಗಾಯಿ, ಗುರೆಳ್ಳ ಹಿಂಡಿ, ಅಗಸಿ ಹಿಂಡಿ, ಮೊಸರು, ಹಸಿ ಗಜ್ಜರಿ ಅಂತ ಅವ್ರ ಬಾಯಿಂದನ ಬರ್ತೈತಿ, ಆ ತಾಟು ಯಾವ ಪೋಷಣಾ ತಜ್ಞರು ಬರದ ತಾಟಿಗೂ ಕಡಿಮಿ ಇಲ್ಲ. ಗಂಡಸರ ಬಗ್ಗೆ ನನಗ ಭಾಳ ಅನುಭವ ಇಲ್ಲ ಅನ್ನಬೇಕು, ಅವ್ರು ಕಟ್ಟಿ ಮ್ಯಾಲ ಕುಂತು ಎಲ್ಲಾ ಕೇಳ್ತಾರ, ಮನಿಯೊಳಗ ಇಟ್ಟಿದ್ದು ಉಣ್ಣತಾರ. ಇಡೂದು ಬದಲಾದ್ರ ಸಾಕು.

ಒಂದು ಕಟ್ಟುನಿಟ್ಟಿನ ಮಾತು. ಶುಗರ್ ಗುಳಿಗಿ, ಇನ್ಸುಲಿನ್ ತಗೊಳ್ಳೋರು ಒಮ್ಮಿಂದೊಮ್ಮೆ ಅನ್ನ ಬಿಟ್ಟು, ಉಪಾಸ ಮಾಡಿ, ಊಟ ಅರ್ಧ ಮಾಡಬಾರದು, ಶುಗರ್ ಪಟ್ಟನ ಇಳದು ತಲಿ ತಿರಗಿ ಬಿದ್ದವ್ರನ್ನ ನೋಡೀನಿ. ಕಿಡ್ನಿ ತ್ರಾಸ ಇದ್ದವ್ರಿಗೆ ಕಾಳು, ತಪ್ಪಲ ಪಲ್ಯದ ಲೆಕ್ಕನ ಬ್ಯಾರೆ. ಇವ್ರೆಲ್ಲಾ ಮೊದ್ಲ ತಮ್ಮ ಡಾಕ್ಟರನ್ನ ಕೇಳಬೇಕು, ನಿಮ್ಮನ್ನಲ್ಲ, ನನ್ನನ್ನೂ ಅಲ್ಲ. 2023ರಾಗ ಬಂದ ದೊಡ್ಡ ಅಧ್ಯಯನದ ಲೆಕ್ಕದಾಗ ದೇಶದಾಗ 10 ಕೋಟಿ ಮಂದಿಗೆ ಶುಗರ್ ಐತಿ, ಬರೋ ಅಂಚಿನ್ಯಾಗ ಇನ್ನೂ 13 ಕೋಟಿ ಮ್ಯಾಲ ಮಂದಿ ಅದಾರ, ಹಂಗಾಗಿ 30 ದಾಟಿದ ಎಲ್ಲಾರನ್ನೂ ಸರ್ಕಾರಿ ಆರೋಗ್ಯ ಕೇಂದ್ರಕ್ಕ ಕರಕೊಂಡು ಹೋಗಿ ಬಿಪಿ, ಶುಗರ್ ತಪಾಸಣಿ ಮಾಡಸ್ರಿ, ಪುಕ್ಕಟ ಐತಿ. ಇದರ ಜೋಡಿ ನಿಮ್ಮ ಪಕ್ಕದ ಹುಲಕೋಟಿಯೊಳಗ ಕೃಷಿ ವಿಜ್ಞಾನ ಕೇಂದ್ರ ಐತಿ, ಸಿರಿಧಾನ್ಯ, ಕೈತೋಟ ಅಂತ ಕೇಳಾಕ ಹೋಗ್ರಿ, ಧಾರವಾಡದ ಕೃಷಿ ಮೇಳಕ್ಕ ಸಂಘದವ್ರೆಲ್ಲಾ ಒಂದು ದಿನ ಗಾಡಿ ಮಾಡ್ಕೊಂಡು ಬರ್ರಿ, ಮಂದಿಗೆ ಪ್ರವಾಸ ಅಂದ್ರ ಪಾಠ ಅನ್ನೋದು ಗೊತ್ತಾಗೂದಿಲ್ಲ.

ಸದ್ಯಕ್ಕ ಇಷ್ಟ ಮಾಡ್ರಿ. ನಿಮ್ಮ ಮೀಟಿಂಗ್ ಶನಿವಾರ ಸಂಜಿಗೆ ಅಂತ ಹಿಡಿದ್ರ, ಗುರುವಾರ ರಾತ್ರಿ ಅರ್ಧ ಕಿಲೊ ಹೆಸರುಕಾಳು ನೆನಿ ಇಡ್ರಿ, ಶುಕ್ರವಾರ ಮುಂಜಾನೆ ನೀರು ಬಸಿದು ಬಿಳಿ ಅರವಿಯೊಳಗ ಕಟ್ಟಿ ಒಲಿ ಸನೇಕ ಇಡ್ರಿ, ನಡುನಡು ನೀರು ಚಿಮಕಸ್ರಿ, ಶನಿವಾರಕ್ಕ ಮೊಳಕಿ ಬಂದಿರ್ತಾವ, 18 ಮಂದಿಗೆ ಬೇಕಾದಷ್ಟು ಆಗ್ತೈತಿ. ಭಜಿ ತಲಿಗೆ ಒಂದ ತರಸ್ರಿ. ಬರೋವಾಗ ಹೋದ ತಿಂಗಳ ಕಿರಾಣಿ ಚೀಟಿ ತರ್ರಿ ಅಂತ ಎಲ್ಲಾರಿಗೂ ಹೇಳ್ರಿ, ಯಾಕ ಅಂತ ಹೇಳಬ್ಯಾಡ್ರಿ. ಮತ್ತ ರೊಟ್ಟಿ ಚಲೋ ಬಡಿಯೋರು ಯಾರು ಅಂತ ಕೇಳಿ ನೋಡ್ರಿ, ಎಲ್ಲಾರೂ ಒಬ್ಬಾಕಿ ಕಡೆನ ಬೆರಳು ಮಾಡ್ತಾರ, ಆಕಿ ಜೋಡಿ ಮೀಟಿಂಗ್ ಮುಗದಮ್ಯಾಲ ಹತ್ತು ನಿಮಿಷ ಕುಂದರ್ರಿ.